ಬೊಮ್ಮಣ್ಣ ಸಾರ್ ಕಾದ ಹದಿನೆಂಟು ದಿನ

ಬೊಮ್ಮಣ್ಣ ಸಾರ್ ಕಂಪ್ಯೂಟರಿನ ಪರದೆ ಆರಿಸಿಟ್ಟೇ ಕೆಲಸ ಮಾಡುತ್ತಿದ್ದರು. ಆಂಧ್ರದ ಕಲ್ಯಾಣದುರ್ಗದ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಅವರನ್ನು ಮೊದಲು ಕಂಡಾಗ, ಕಪ್ಪು ಪರದೆಯ ಮುಂದೆ ಕೂತು ಚಕಚಕನೆ ಟೈಪು ಮಾಡುತ್ತಿದ್ದರು. ಮಾನಿಟರ್ ಕೆಟ್ಟಿರಬೇಕೆಂದು ನಾನೇ ಹೋಗಿ ಅದರ ಗುಂಡಿ ಒತ್ತಿದೆ. ಅವರು ಒಂದು ಕಿವಿಯ ಇಯರ್‌ಫೋನ್ ತೆಗೆದು, "ಆರ್ಸಮ್ಮ ಅದ್ನ. ನಂಗೆ ಕಣ್ಣಿಲ್ಲ. ನೋಡೋರಿಲ್ದೆ ಅದ್ಯಾಕೆ ಉರೀಬೇಕು?" ಅಂದರು.

ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ಒಂದು ಸಾಫ್ಟ್‌ವೇರ್ ಅವರ ಮಿಷನ್ನಿನಲ್ಲಿತ್ತು. ಕುತೂಹಲಕ್ಕೆ ಇಯರ್‌ಫೋನ್ ಈಸಿಕೊಂಡು ಕೇಳಿದೆ. ತಗಡಿನ ಮೇಲೆ ಹುರುಳಿಕಾಳು ಸುರಿದ ಹಾಗೆ ಕೇಳಿಸಿತೇ ಹೊರತು ಒಂದು ಪದವೂ ತಿಳಿಯಲಿಲ್ಲ. "ನಿಧಾನ ಮಾಡಿದ್ರೆ ನಂಗೆ ನಿದ್ದೆ ಬತ್ತೈತೆ," ಅಂದರು. ಆ ವೇಗದಲ್ಲೇ ಅವರು ಹುಡುಗರ ಟೀಸಿ, ಕಾಂಡಕ್ಟ್ ಸರ್ಟಿಫಿಕೇಟು, ತೆಲುಗು ಇಂಗ್ಲಿಷಿನ ಪತ್ರಗಳೆಲ್ಲವನ್ನೂ ತಯಾರು ಮಾಡುತ್ತಿದ್ದರು. ಯಾರದಾದರೂ ಹೆಸರಿನ ಸ್ಪೆಲ್ಲಿಂಗ್ ಅನುಮಾನವಾದರೆ ಕಣ್ಣಿದ್ದ ಗುಮಾಸ್ತರೆಲ್ಲ ಅವರ ಮೇಜಿಗೇ ಬರುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಯಾವಾಗಲೂ ಒಂದು ಪೆನ್ನು. ಪೆನ್ನು ಯಾಕೆ ಸಾರ್ ಎಂದು ಒಮ್ಮೆ ಕೇಳಿಬಿಟ್ಟೆ. "ಸೈನ್ ಹಾಕೋಕೆ ಬಂದೋರು ನನ್ನೇ ಕೇಳ್ತಾರೆ ಕಣಮ್ಮ. ಒಬ್ರೂ ತಂದಿರಲ್ಲ."

ಅವರ ಊರು ಸೆಟ್ಟೂರಿನ ಹತ್ತಿರದ ಒಂದು ಹಳ್ಳಿ. ಮನೆಮಾತು ಕನ್ನಡ. ಆಫೀಸಿನಲ್ಲಿ ಎಲ್ಲರೊಂದಿಗೆ ತೆಲುಗಿನಲ್ಲಿ ಮಾತಾಡುತ್ತಿದ್ದವರು, ನಾನು ಹಿಂದೂಪುರದವಳು, ಕನ್ನಡದವಳು ಎಂದು ಗೊತ್ತಾದ ಮೇಲೆ ನನ್ನನ್ನು 'ಹಿಂದೂಪುರದಮ್ಮ' ಎಂದೇ ಕರೆದರು.

ನಾನು ಆಗ ಹಿಂದೂಪುರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕಾಲೇಜಿನ ಮಿಷನ್ನುಗಳು ಹಳೆಯವು. ಅವುಗಳಲ್ಲಿದ್ದ ಆಪರೇಟಿಂಗ್ ಸಿಸ್ಟಮ್‌ಗೆ ಇನ್ನು ಅಪ್‌ಡೇಟ್ ಬರುವುದಿಲ್ಲವೆಂದಾಗಿತ್ತು. ಅದರ ಹೊಸ ಆವೃತ್ತಿಯನ್ನು ಹಾಕಿದರೆ ಆ ಮಿಷನ್ನುಗಳು ತಡೆಯುತ್ತಿರಲಿಲ್ಲ. ಹಾಗಾಗಿ ಆಡಳಿತದವರು ಉಚಿತವಾಗಿ ಸಿಗುವ ಬೇರೊಂದು ಸಿಸ್ಟಮ್ ಹಾಕಿಸಲು ತೀರ್ಮಾನಿಸಿದ್ದರು. ಆಫೀಸಿನ ಒಂಬತ್ತು ಮಿಷನ್ನುಗಳ ಸಿಸ್ಟಮ್ ಬದಲಾಯಿಸುವ ಕೆಲಸ ನನ್ನ ಪಾಲಿಗೆ ಬಂತು. ಮಡಕಶಿರಾ, ಪಾವಗಡದ ಮೇಲೆ ಬಸ್ಸು ಬದಲಾಯಿಸಿಕೊಂಡು ಒಂದು ಸಲ ನೋಡಿ ಬರಲು ಹೋದದ್ದೇ ಆ ಮೊದಲ ಭೇಟಿ.

ಅವತ್ತು ಉಳಿದವರೆಲ್ಲ ನನ್ನನ್ನು ಕೇಳಿದ್ದು ಒಂದೇ ಮಾತು. ಪರದೆಯ ಮೇಲಿರುವ ದೇವರ ಪಟ ಹಾಗೇ ಇರುತ್ತದೆಯೇ ಎಂದು. ಬೊಮ್ಮಣ್ಣ ಸಾರ್ ಮಾತ್ರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಒಬ್ಬೊಬ್ಬರ ಪಕ್ಕದಾಗೆ ಅರ್ಧ ದಿನ ಕೂತ್ಕ. ಏನೇನ್ ಮಾಡ್ತಾರೆ ಅಂತ ನೀನೇ ನೋಡಿ ಬರ್ಕ. ಕೇಳಿದ್ರೆ ಅರ್ಧ ಮರೀತಾರೆ. ಪ್ರಿಂಟ್ ಹೊಡೀತೀನಿ ಅಂತ ಯಾವನೂ ಹೇಳಲ್ಲ, ಪ್ರಿಂಟ್ ಬರ್ಲಿಲ್ಲ ಅಂದ್ರೆ ನಿನ್ನೇ ಹಿಡ್ಕಂತಾನೆ. ಹಳೇ ಸಿಸ್ಟಮ್ಮನ್ನ ಒಂದು ತಿಂಗ್ಳು ಅಳಿಸ್ಬ್ಯಾಡ, ಹೊಸದ್ರ ಪಕ್ಕದಾಗೇ ಇರ್ಲಿ. ಎಲ್ಲಾರ್ಗೂ ಒಂದೇ ದಿನ ಮಾಡ್ಬ್ಯಾಡ. ಯಾರಿಗೆ ಜಾಸ್ತಿ ಕಷ್ಟ ಆಯ್ತದೋ ಅವ್ರದ್ದು ಮೊದ್ಲು ಮಾಡು."

ಆಮೇಲೆ ದನಿ ತಗ್ಗಿಸಿ ಕೇಳಿದರು. "ನನ್ನ ಮಿಷನ್ನಿನ ಮಾತು ಹೊಸದ್ರಾಗೂ ಬತ್ತೈತಾ?"

"ಬರುತ್ತೆ ಸಾರ್," ಅಂದೆ.

ನನಗೆ ಗೊತ್ತಿರಲಿಲ್ಲ. ಬಂದೇ ಬರುತ್ತದೆ ಎಂದುಕೊಂಡಿದ್ದೆ, ಅಷ್ಟೇ. ಬಸ್ಸಿಗೆ ಹೊತ್ತಾಗುತ್ತಿತ್ತು.

ಮುಂದಿನ ಭಾನುವಾರ ಒಂಬತ್ತನ್ನೂ ಒಂದೇ ದಿನದಲ್ಲಿ ಬದಲಾಯಿಸಿದೆ. ಫೈಲುಗಳನ್ನೆಲ್ಲ ಒಂದು ಡಿಸ್ಕಿಗೆ ಎತ್ತಿಟ್ಟು, ಹಳೆಯದನ್ನು ಪೂರ್ತಿ ಅಳಿಸಿದೆ. ಪ್ರಿಂಟರ್ ನೋಡಿದೆ, ತೆಲುಗು ಅಕ್ಷರ ನೋಡಿದೆ, ದೇವರ ಪಟಗಳನ್ನೂ ತಿರುಗಿ ಹಾಕಿದೆ. ಬೊಮ್ಮಣ್ಣ ಸಾರ್ ಅವರ ಸಾಫ್ಟ್‌ವೇರ್ ಮಾತ್ರ ಹೊಸದರಲ್ಲಿ ಕೂರಲಿಲ್ಲ. ಅಂಗಡಿಗೆ ಹೋಗಿ ವಿಚಾರಿಸಿ ಹೇಳೋಣ ಎಂದು ಹೊರಟುಬಂದೆ.

ಸೋಮವಾರ ಬೆಳಿಗ್ಗೆ ಫೋನು ಬಂತು. "ಮಿಷನ್ ಮಾತಾಡ್ತಿಲ್ಲ ಕಣಮ್ಮ."

"ಎರಡು ದಿನದಲ್ಲಿ ಬರ್ತೀನಿ ಸಾರ್."

ಒಂದು ಮಿಷನ್ನಿಗಾಗಿ ಅಷ್ಟು ದೂರ ಕಳಿಸಲು ಅಂಗಡಿಯ ಯಜಮಾನರು ಒಪ್ಪಲಿಲ್ಲ. ಚಿಲಮತ್ತೂರಿನಲ್ಲಿ ಬೇರೆ ಕೆಲಸ ಬಂತು. ಗುರುವಾರ ಮತ್ತೆ ಫೋನು ಮಾಡಿದರು, ನಾಳೆ ಅಂದೆ. ಇನ್ನೊಂದು ಸಲ ಮಾಡಿದಾಗ ನಾನು ಎತ್ತಲೇ ಇಲ್ಲ. ಆಮೇಲೆ ಅವರು ಮಾಡಲಿಲ್ಲ. ನಿಜ ಹೇಳಬೇಕೆಂದರೆ ಫೋನು ನಿಂತದ್ದು ನನಗೆ ಹಗುರವೆನಿಸಿತ್ತು.

ನಾನು ಹೋದದ್ದು ಹದಿನೆಂಟನೇ ದಿನ. ಅವರ ಕುರ್ಚಿಯನ್ನು ಪಕ್ಕದ ಮೇಜಿಗೆ ಎಳೆದುಕೊಂಡು ಬೇರೊಬ್ಬರು ಅಲ್ಲಿನ ಮಿಷನ್ನಿನಲ್ಲಿ ಟೀಸಿ ಬರೆಯುತ್ತಿದ್ದರು. ಬೊಮ್ಮಣ್ಣ ಸಾರ್ ವರಾಂಡದಲ್ಲಿ, ಕಾಲೇಜಿನ ಬೆಲ್ಲಿನ ಸ್ವಿಚ್ಚಿನ ಕೆಳಗೆ ಹಾಕಿದ್ದ ಒಂದು ಸ್ಟೂಲಿನ ಮೇಲಿದ್ದರು. ಅವರ ಕೈಗಡಿಯಾರ ಗಂಟೆ ಹೇಳುತ್ತಿತ್ತು, ಪಿರಿಯಡ್ ಮುಗಿದಾಗ ಅವರು ಎದ್ದು ಸ್ವಿಚ್ ಒತ್ತುತ್ತಿದ್ದರು. ಸೂಪರಿಂಟೆಂಡೆಂಟ್ ನನ್ನ ಮುಖ ನೋಡಿ, "ಆಯನ್ನಿ ಊರಿಕೇ ಕೂಚೋಬೆಟ್ಟಲೇಮು ಕದಮ್ಮಾ," ಅಂದರು. ಸುಮ್ಮನೆ ಕೂರಿಸಲಾಗುವುದಿಲ್ಲವಲ್ಲ ಎಂದು. ಮಾತಿನಲ್ಲಿ ಕೆಡುಕೇನೂ ಇರಲಿಲ್ಲ.

ಮೊದಲ ವಾರವೆಲ್ಲ ಅವರು ಆ ಮೂಕ ಮಿಷನ್ನಿನ ಮುಂದೆ ಕೀಲಿಗಳ ಮೇಲೆ ಬೆರಳಿಟ್ಟು ಸಂಜೆಯವರೆಗೆ ಕೂತಿರುತ್ತಿದ್ದರಂತೆ.

ನಾನು ಅವರ ಮಿಷನ್ ಹಾಕಿ, ಮೊಬೈಲಿನಲ್ಲಿ ಹುಡುಕುತ್ತ ಕೂತೆ. ಕಾಲು ಗಂಟೆಯೂ ಹಿಡಿಯಲಿಲ್ಲ. ಓದಿ ಹೇಳುವ ದನಿ ಹೊಸ ಸಿಸ್ಟಮ್‌ನೊಳಗೆ ಮೊದಲಿನಿಂದಲೇ ಇತ್ತು. ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಬೇಕಿತ್ತು, ಅಷ್ಟೇ. ಒತ್ತಿದೆ. ಮಿಷನ್ ಮಾತಾಡಿತು.

ವರಾಂಡದಿಂದ ಅವರು ಗೋಡೆ ಹಿಡಿದುಕೊಂಡು ಒಳಗೆ ಬಂದರು. ಸ್ವಲ್ಪ ಹೊತ್ತು ನಿಂತು ಕೇಳಿಸಿಕೊಂಡರು. "ನೆಗಡಿ ಬಂದೋನಂಗವ್ನೆ. ಆಗ್ಲಿ, ಮಾತಾಡ್ತಾನಲ್ಲ," ಅಂದರು. ಆಮೇಲೆ, "ಏನ್ ಮಾಡ್ದೆ?"

ಹೇಳಿದೆ.

"ಅಂದ್ರೆ ಇಷ್ಟು ದಿನವೂ ಇದ್ರೊಳಗೇ ಇತ್ತಾ?"

"ಹೂಂ ಸಾರ್."

ಅವರು ಕೂತರು. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. "ಗೊತ್ತಿಲ್ಲ ಅಂದಿದ್ರೆ ನಾನೇ ಯಾರ್ನಾರ ಕೇಳಿ ಹುಡ್ಕ್ತಿದ್ದೆ ಕಣಮ್ಮ. ಬತ್ತೈತೆ ಅಂದ್ಬುಟ್ಟೆ. ಅದಕ್ಕೆ ಕಾಯ್ಕಂಡ್ ಕೂತೆ."

ಮಧ್ಯಾಹ್ನ ಅವರು ತಮ್ಮ ಬುತ್ತಿಯನ್ನು ನನ್ನೊಂದಿಗೆ ಹಂಚಿಕೊಂಡರು. ಉಣ್ಣುತ್ತ ಹೇಳಿದರು. ಹದಿನಾಲ್ಕನೇ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಗಿತ್ತು. "ಆಗ ಎಲ್ಲಾರೂ ಇಂಗೇ ಹೇಳೋರು. ಬತ್ತೈತೆ, ಹಬ್ಬಕ್ಕೆ ಬತ್ತೈತೆ, ಬ್ಯಾಸ್ಗೆ ಕಳೀಲಿ ಬತ್ತೈತೆ. ಎರಡು ವರ್ಸ ಕಟ್ಟೆ ಮ್ಯಾಲೆ ಕಾಯ್ಕಂಡ್ ಕೂತಿದ್ದೆ. ಬರಲ್ಲ ಕಣ್ಲಾ ಅಂತ ಒಬ್ರು ಅಂದಿದ್ರೆ, ಆ ಎರಡು ವರ್ಸ ಓದ್ಕಂತಿದ್ದೆ." ಅಷ್ಟು ಹೇಳಿ, ಅವರು ಉಪ್ಪಿನಕಾಯಿ ಬೇಕಾ ಎಂದು ಕೇಳಿದರು.

ಹೊಸ ಸಿಸ್ಟಮ್ಮನ್ನು ಅವರು ಎರಡು ವಾರದಲ್ಲಿ ಕಲಿತರು. ಕೆಲಸ ಮಾತ್ರ ತಿರುಗಿ ಬರಲಿಲ್ಲ. ಟೀಸಿ ಬರೆಯುವುದು ಹೊಸಬರಿಗೆ ರೂಢಿಯಾಗಿದೆ, ನಡೆಯುತ್ತಿರುವುದನ್ನು ಯಾಕೆ ಕದಲಿಸುವುದು ಎಂದು ಆಡಳಿತದವರು ಅಂದರಂತೆ. ನಾನು ಸೂಪರಿಂಟೆಂಡೆಂಟರನ್ನು ಎರಡು ಸಲ ಕಂಡು, ತಪ್ಪು ನನ್ನದು, ಅವರದಲ್ಲ ಎಂದು ಹೇಳಿದೆ. ಅವರು ತಲೆಯಾಡಿಸಿದರು, ಅಷ್ಟೇ. ಮುಂದಿನ ಬೇಸಿಗೆಯಲ್ಲಿ ಕಾಲೇಜಿಗೆ ತಾನಾಗಿಯೇ ಬಾರಿಸುವ ಬೆಲ್ ಬಂತು. ಮಾಡಲು ಕೆಲಸವಿಲ್ಲದೆ ಬೊಮ್ಮಣ್ಣ ಸಾರ್ ಊರಿಗೆ ಹೊರಟುಹೋದರು.

ಆಮೇಲೂ ಆಗಾಗ ಮೊಬೈಲಿಗೆ ಸಂದೇಶ ಕಳಿಸುತ್ತಿದ್ದರು. ನಾನು ಯಾವುದಾದರೂ ಆಫೀಸಿನ ಮಿಷನ್ ಬದಲಾಯಿಸಲು ಹೊರಟಿದ್ದೇನೆಂದರೆ, 'ಮೊದ್ಲು ಕೂತು ನೋಡಿದ್ಯಾ?' ಎಂದು ಒಂದು ಸಾಲು. ಸೋಮಂದೇಪಲ್ಲಿಯ ಒಂದು ಆಫೀಸಿನಲ್ಲಿ ಕೈ ನಡುಗುವ ಹಿರಿಯ ಗುಮಾಸ್ತರೊಬ್ಬರಿದ್ದರು. ಅವರದ್ದನ್ನೇ ಮೊದಲು ಮಾಡಿ, ಒಂದು ವಾರ ಕಾದು, ಆಮೇಲೆ ಉಳಿದವರದ್ದು ಮಾಡಿದೆ. ಅದನ್ನು ತಿಳಿಸಿದ್ದಕ್ಕೆ ಬೊಮ್ಮಣ್ಣ ಸಾರ್ ಉತ್ತರ ಬರೆಯಲಿಲ್ಲ. ತಿಂಗಳಾದ ಮೇಲೆ ನಾನೇ ಫೋನು ಮಾಡಿದೆ. ಎತ್ತಿದ್ದು ಅವರ ಹೆಂಡತಿ ಗಂಗಮ್ಮ. ಎದೆನೋವು ಬಂದು ಹೋಗಿಬಿಟ್ಟಿದ್ದರು.

ಅವರ ಮನೆಗೆ ನಾನು ಹೋದದ್ದು ಆಗ, ಒಂದೇ ಸಲ. ಗಂಗಮ್ಮ ಟೀ ಕೊಟ್ಟು, ಸೆರಗಿನಿಂದ ಒರೆಸಿ ಅವರ ಮೊಬೈಲನ್ನು ನನ್ನ ಕೈಗಿಟ್ಟರು.

"ನೀನು ಮಿಷನ್ ಕೆಲ್ಸ ತಿಳಿದೋಳು ಅಂತ ಹೇಳ್ತಿದ್ರು. ಇದ್ರಾಗೆ ಎಲ್ಲಾದ್ರೂ ಅವ್ರ ದನಿ ಐತಾ ನೋಡವ್ವ. ಇದು ಓದ್ತದಲ್ಲ, ಆ ದನಿ ಅಲ್ಲ. ಅವ್ರ್ದೇ."

ಹುಡುಕಿದೆ. ನನಗೆ ಗೊತ್ತಿರುವ ಜಾಗಗಳನ್ನೆಲ್ಲ ತೆಗೆದು ನೋಡಿದೆ. ನೂರಾರು ಸಂದೇಶಗಳಿದ್ದವು, ಎಲ್ಲವನ್ನೂ ಅವರು ಟೈಪು ಮಾಡಿಯೇ ಕಳಿಸಿದ್ದರು, ಒಂದು ಕಾಗುಣಿತವೂ ತಪ್ಪದೆ. ಗಂಗಮ್ಮ ಎದುರಿಗೆ ಕೂತು ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಅಂಗಡಿಗೆ ತಗೊಂಡು ಹೋಗಿ ನೋಡ್ತೀನಿ ಎಂಬ ಮಾತು ಬಾಯಿಯವರೆಗೆ ಬಂತು.

"ಇಲ್ಲ ಕಣಮ್ಮ," ಅಂದೆ. "ಇದರಲ್ಲಿ ಇಲ್ಲ."

ಅವರು ಮೊಬೈಲ್ ಈಸಿಕೊಂಡು ಮಡಿಲಲ್ಲಿಟ್ಟುಕೊಂಡರು. "ಟೀ ಆರೋಯ್ತದೆ, ಕುಡಿ," ಅಂದರು.