ಪುಕ್ಕಟೆ ಬಸ್ಸಿಗೆ ಬಂದವರ ಸಭೆ

ಆವತ್ತಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ನಾನು ಹುಮನಾಬಾದ್ ಹತ್ತಿರದ ಹುಡಗಿ ಎಂಬ ಊರಿನವಳು. ದಿನಾ ಬಸ್ಸಿನಲ್ಲಿ ಹುಮನಾಬಾದ್ ದಾಟಿ ಬಸವಕಲ್ಯಾಣಕ್ಕೆ ಹೋಗಿ ಅಲ್ಲಿನ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ನನ್ನನ್ನು ಅತಿಥಿ ಶಿಕ್ಷಕಿ ಅನ್ನುತ್ತಾರೆ, ಒಂದು ಕಪ್ ಚಹಾ ಕೊಟ್ಟು ಕೂರಿಸಿದವರನ್ನು ಮಾತ್ರ ಈವರೆಗೆ ಕಂಡಿಲ್ಲ. ಗಂಡ ತೀರಿಕೊಂಡ ಮೇಲೆ ಆ ಕೆಲಸವೇ ನನಗೆ ಆಸರೆ. ಮಗಳು ಅದೇ ಊರಿನಲ್ಲಿ ನರ್ಸಿಂಗ್ ಎರಡನೇ ವರ್ಷ ಓದುತ್ತಾಳೆ. ಹೆಂಗಸರಿಗೆ ಬಸ್ ಪುಕ್ಕಟೆ ಆದದ್ದರಿಂದಲೇ ಅವಳ ಓದು ನಿಲ್ಲದೆ ನಡೆದಿದೆ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಭಾವನಿಗೂ ಗೊತ್ತು.

ಭಾವ ನನ್ನ ಗಂಡನ ಅಣ್ಣ, ಮನೆಯ ಯಜಮಾನರು. ಈ ಸಲ ವಿಧಾನಸಭೆಗೆ ನಿಂತ ಅಭ್ಯರ್ಥಿಯ ಹಿಂದೆ ಊಟ ನಿದ್ದೆ ಬಿಟ್ಟು ತಿರುಗುತ್ತಿದ್ದರು. ಹಿರಿಯರ ಕಾಲದ ರೀತಿ ರಿವಾಜು ವಾಪಸ್ ತರುತ್ತೇನೆ ಅನ್ನುವ ಮನುಷ್ಯ ಆತ. ಹುಮನಾಬಾದಿನಲ್ಲಿ ತಾಯಂದಿರ ಸಭೆ ಇಟ್ಟಿದ್ದರು. ಬಂದವರಿಗೆಲ್ಲ ಉಡಿ ತುಂಬುತ್ತಾರೆ ಎಂದು ಸುದ್ದಿ ಹಬ್ಬಿತು. ತವರಿನವರು ಮಗಳ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ರವಿಕೆಯ ಖಣ ಹಾಕಿ ಹರಸುವ ಪದ್ಧತಿ ಅದು. ಈಗ ಓಟು ಕೇಳುವವರೆಲ್ಲ ನಮಗೆ ತವರಿನವರಾಗಿದ್ದಾರೆ!

"ಗಾಡಿ ಗೀಡಿ ಮಾಡೂದು ಬ್ಯಾಡ. ಬಸ್ ಪುಕ್ಕಟ ಅದ, ಆಧಾರ್ ಕಾರ್ಡ್ ತಗೊಂಡು ಬಸ್ಸಿಗೇ ಬರ್ರಿ," ಎಂದು ಭಾವ ಓಣಿ ಓಣಿ ತಿರುಗಿ ಹೇಳಿದರು. ತಮ್ಮ ಉಪಾಯಕ್ಕೆ ತಾವೇ ಬೆನ್ನು ತಟ್ಟಿಕೊಂಡರು. ಹುಡಗಿ, ಚಿಟಗುಪ್ಪ, ಸುತ್ತಲಿನ ಹಳ್ಳಿಗಳ ಹೆಂಗಸರೆಲ್ಲ ಬಸ್ಸಿನಲ್ಲಿ ನೂಕಾಡಿಕೊಂಡು ಬಂದರು. ನಾನೂ ನನ್ನ ನೆಗೆಣ್ಣಿಯೂ, ಅಂದರೆ ಭಾವನ ಹೆಂಡತಿಯೂ, ಮುಂದಿನ ಸಾಲಿನಲ್ಲೇ ಕುಳಿತೆವು.

ಅಭ್ಯರ್ಥಿ ಕಲ್ಯಾಣದ ಶರಣರಿಂದ ಶುರು ಮಾಡಿದರು. ಗಂಡು ಹೆಣ್ಣು ಒಂದೇ ಎಂದು ಸಾರಿದ ನೆಲ ನಮ್ಮದು ಎಂದರು. ಚಪ್ಪಾಳೆ ಹೊಡೆದೆವು. ಹೊಲಕ್ಕೆ ಹಗಲು ಹೊತ್ತೇ ಕರೆಂಟ್ ಕೊಡಬೇಕು, ಮಕ್ಕಳ ಕೈಗೆ ಮೊಬೈಲ್ ಕೊಡಬಾರದು ಎಂದರು. ಸುಳ್ಳು ಯಾಕೆ ಹೇಳಲಿ, ಆ ಮಾತಿಗೆ ನಾನೂ ತಲೆ ಆಡಿಸಿದೆ. ಆಮೇಲೆ ಅಸಲಿ ಮಾತು ಹೊರಬಂತು. ತಾಯಿ ತಂದೆಯ ಸಹಿ ಇಲ್ಲದ ಮದುವೆ ನೋಂದಣಿ ಆಗಬಾರದು. ಹುಡುಗಿಯರು ಊರು ದಾಟಿ ಓದಲು ಹೋಗಬಾರದು. ಹೆಂಗಸರಿಗೆ ರಾತ್ರಿ ಪಾಳಿಯ ಕೆಲಸ ಇರಬಾರದು.

"ಬಸ್ ಪುಕ್ಕಟ ಆದಾಗಿಂದ ಹೆಣ್ಣಮಕ್ಕಳು ಮನ್ಯಾಗ ನಿಲ್ಲವಲ್ರು. ಮನಿತನ ಹಾಳಾಗಾಕತ್ತಾವ ತಾಯಂದಿರ. ನಾ ಗೆದ್ರ ಮೊದಲು ಇದನ್ನ ಬಂದ್ ಮಾಡ್ರಿ ಅಂತೀನಿ," ಎಂದರು.

ಅದೇ ಬಸ್ಸಿಗೆ ಬಂದ ಹೆಂಗಸರ ಮುಂದೆ ನಿಂತು ಈ ಮಾತು! ನನ್ನ ಮೈ ಉರಿಯಿತು. ಅಷ್ಟರಲ್ಲಿ ಉಡಿ ಸಾಮಾನು ತುಂಬಿದ ದೊಡ್ಡ ಪರಾತ ನಮ್ಮ ಸಾಲಿಗೆ ಬಂತು. ತುಂಬುತ್ತಿದ್ದ ಹೆಂಗಸು ನೆಗೆಣ್ಣಿಯ ಸೆರಗು ತುಂಬಿದಳು. ನನ್ನ ಬೋಳು ಹಣೆ ನೋಡಿದಳು, ನನ್ನನ್ನು ದಾಟಿ ಆಚೆಯವಳಿಗೆ ಕುಂಕುಮ ಹಚ್ಚಿದಳು. ಶರಣರ ಹೆಸರು ಹೇಳಿ ಇನ್ನೂ ಒಂದು ತಾಸು ಆಗಿರಲಿಲ್ಲ.

ಭಾಷಣ ಮುಗಿಯಲೇ ಇಲ್ಲ. ಐದು ಗಂಟೆ ಆಗುತ್ತಲೇ ಚಿಟಗುಪ್ಪದವರು ಬಸ್ ತಪ್ಪುತ್ತದೆ ಎಂದು ಎದ್ದರು. ಅವರ ಹಿಂದೆ ಇಡೀ ಸಾಲೇ ಎದ್ದಿತು. "ಕುಂದರ್ರಿ, ಕುಂದರ್ರಿ," ಎಂದು ಭಾವ ಮೈಕಿನಲ್ಲಿ ಕೂಗಿದರು. ನನಗೆ ತಡೆಯಲಾಗಲಿಲ್ಲ, ಎದ್ದು ಅಭ್ಯರ್ಥಿಯನ್ನೇ ಕೇಳಿದೆ.

"ಅಣ್ಣಾರ, ನೀವು ಬಂದ್ ಮಾಡ್ತೀನಿ ಅನ್ನೂ ಬಸ್ಸಿಗೇ ನಿಮ್ಮ ಮಂದಿ ನಮ್ಮನ್ನ ಕರಸ್ಯಾರ. ಅದು ಇಲ್ಲಂದ್ರ ನಾವು ಮನಿಗೆ ಹ್ಯಾಂಗ ಹೋಗಬೇಕ್ರಿ? ನನ್ನ ಮಗಳು ಕಾಲೇಜಿಗೆ ಹ್ಯಾಂಗ ಹೋಗಬೇಕ್ರಿ?"

ಅಭ್ಯರ್ಥಿ ನಕ್ಕರು. "ನಿಮ್ಮ ಮನ್ಯಾಗ ಗಂಡಸರು ಯಾರದಾರ್ರಿ ತಾಯಿ?" ಎಂದರು, ಅಷ್ಟೇ. ಭಾವ ವೇದಿಕೆಯ ಮೇಲೆ ತಲೆ ತಗ್ಗಿಸಿದರು.

ನನ್ನ ಪ್ರಶ್ನೆಗೆ ಉತ್ತರ ಮನೆಯಲ್ಲಿ ಸಿಕ್ಕಿತು. "ನನ್ನ ಮಾನ ಕಳದಿ. ನಾಳಿಂದ ಹುಡುಗಿ ಕಾಲೇಜಿಗೆ ಬ್ಯಾಡ. ರಾತ್ರಿ ಪಾಳಿ ಮಾಡೂ ನೌಕರಿ ನಮ್ಮ ಮನಿತನಕ್ಕ ಒಪ್ಪಂಗಿಲ್ಲ," ಎಂದರು ಭಾವ. ಅದು ಅವರ ಮಾತೂ ಆಗಿರಲಿಲ್ಲ, ಮೈಕಿನಿಂದ ಹೊತ್ತು ತಂದದ್ದು. ಎರಡು ವರ್ಷದ ಓದು ನೀರಿಗೆ ಹೋಗುತ್ತದೆ ಎಂದೆ. ಕೈಯಲ್ಲಿದ್ದ ತಂಬಿಗೆ ಕುಕ್ಕಿದೆ, ಕೂಗಾಡಿದೆ. ಮನೆ ಅವರದು, ಸೂರು ಅವರದು. ಮಗಳು ಯೂನಿಫಾರ್ಮ್ ಮಡಚಿ ಟ್ರಂಕಿನಲ್ಲಿಟ್ಟಳು. ನೆಗೆಣ್ಣಿ ತನ್ನ ಪಾಡಿಗೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಮೇಲೂ ನನಗೆ ಸಿಟ್ಟು ಬಂತು. ಅವಳು ಗಂಡನಿಗೆ ಎದುರಾಡಿದ್ದನ್ನು ನಾನು ಎಂದೂ ಕೇಳಿದವಳಲ್ಲ.

ಬೆಳಿಗ್ಗೆ ನಾನೊಬ್ಬಳೇ ಹೊರಟು ನಿಂತೆ. ಒಳಗಿನಿಂದ ನೆಗೆಣ್ಣಿ ಬಂದಳು. ಒಂದು ಕೈಯಲ್ಲಿ ನನ್ನ ಮಗಳ ಬ್ಯಾಗು, ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟು. ಅವಳ ಹಿಂದೆ ಮಗಳು, ಯೂನಿಫಾರ್ಮಿನಲ್ಲಿ. ಕಟ್ಟೆಯ ಮೇಲೆ ಕುಳಿತಿದ್ದ ಭಾವ, "ಎಲ್ಲಿಗೆ?" ಎಂದರು. ನೆಗೆಣ್ಣಿ ಚಪ್ಪಲಿ ಮೆಟ್ಟಿಕೊಂಡು ನಡೆದೇ ಬಿಟ್ಟಳು.

ಬಸ್ಸಿನಲ್ಲಿ ಅವಳೇ ಕಂಡಕ್ಟರಿಗೆ ಹೇಳಿದಳು: "ಎರಡು ಕಲ್ಯಾಣ, ಒಂದು ಹುಮನಾಬಾದ್."

"ಹುಮನಾಬಾದಿನಾಗ ಏನದ ಅಕ್ಕಾ?" ಎಂದೆ. ಅವಳು ಗಂಟು ಬಿಚ್ಚಿ ತೋರಿಸಿದಳು. ನಿನ್ನೆಯ ಅಕ್ಕಿ, ಕಾಯಿ, ಖಣ.

"ನಿನ್ನ ದಾಟಿ ತುಂಬಿದ ಉಡಿ ನನಗ್ಯಾಕ ಬೇಕು? ಅವರ ಆಫೀಸಿನಾಗ ಇಟ್ಟು ಬರ್ತೀನಿ."

ತುಂಬಿದ ಉಡಿಯನ್ನು ನಮ್ಮಲ್ಲಿ ಯಾರೂ ವಾಪಸ್ ಕೊಡುವುದಿಲ್ಲ. ಹಾಗೆ ಕೊಟ್ಟರೆ ತವರನ್ನೇ ಕಡಿದುಕೊಂಡಂತೆ. ಬಿಚ್ಚಿದ ಗಂಟನ್ನು ನಾನೇ ಬಿಗಿದು ಅವಳ ಕೈಗೆ ಕೊಟ್ಟೆ.

ಹುಮನಾಬಾದಿನಲ್ಲಿ ಇಳಿಯುವಾಗ ಅವಳು ಗಂಟನ್ನು ಬಗಲಿಗೆ ಇರುಕಿಕೊಂಡು ಮಗಳಿಗೆ ಹೇಳಿದಳು: "ಸಂಜೀಕ ಇದೇ ಬಸ್ಸಿಗೆ ಬಾ. ನಾ ಸ್ಟ್ಯಾಂಡಿನಾಗ ಇರ್ತೀನಿ, ಕೂಡೇ ಮನಿಗೆ ಹೋಗೂಣು."