ಗೋಡೆಯೊಳಗಿನ ಪೈಪು

ಕುಲಶೇಖರದ ಆ ಮನೆಯಲ್ಲಿ ಎ.ಸಿ. ಪೈಪನ್ನು ಗೋಡೆಯೊಳಗೆ ಹೂತು, ಬಣ್ಣವನ್ನೂ ಹೊಡೆಸಿಬಿಟ್ಟಿದ್ದರು. ಎ.ಸಿ. ಕೂರಿಸಲು ಹೋದ ನಾನು ಪಂಪು ಹಾಕಿ ಪೈಪಿನ ಗಾಳಿಯನ್ನೆಲ್ಲ ಎಳೆದು, ಗೇಜಿನ ಕೀ ಬಂದ್ ಮಾಡಿ, ಪಂಪು ನಿಲ್ಲಿಸಿ, ಸೊನ್ನೆಯ ಕೆಳಗಿಳಿದ ಮುಳ್ಳು ಕದಲುತ್ತದೋ ಎಂದು ನೋಡುತ್ತ ಕೂತಿದ್ದೆ. ಮನೆಯ ಯಜಮಾನ ಶೆಟ್ರ ತಾಯಿ ಬಿಡದೆ ಊಟಕ್ಕೆ ಎಬ್ಬಿಸಿದರು.

ಕೈ ತೊಳೆದು ಬಂದು ನೋಡಿದರೆ ಮುಳ್ಳು ಸೊನ್ನೆಗೆ ಬಂದು ನಿಂತಿದೆ! ಅಂದರೆ ಪೈಪಿಗೆ ಮತ್ತೆ ಗಾಳಿ ಹೊಕ್ಕಿದೆ, ಎಲ್ಲೋ ಲೀಕ್. ಹೊರಗಿನ ನಟ್ಟುಗಳೆಲ್ಲ ಬಿಗಿಯಾಗಿಯೇ ಇದ್ದವು.

"ಗೋಡೆ ಒಡೆಯಬೇಕಾಗ್ತದೆ" ಎಂದೆ.

ಶೆಟ್ರ ಮುಖ ಕೆಂಪಾಯಿತು. "ನಾಳೆ ಮಗಳ ನಿಶ್ಚಿತಾರ್ಥ ಉಂಟು. ಎಂತ ಮಾತಾಡ್ತೀರಿ ಮಾರಾಯ್ರೆ?"

ಬೇರೆ ದಾರಿ ಕಾಣದೆ ಉಳಿಯಿಟ್ಟು ಸುತ್ತಿಗೆ ಎತ್ತಿದೆ. ಅಷ್ಟರಲ್ಲಿ ತಾಯಿ ಓಡಿ ಬಂದರು. "ಗೋಡೆ ಯಾಕೆ ಒಡೀತೀರಿ? ಗ್ಯಾಸ್ ಹಾಗೇ ಬಿಟ್ಟು ಊಟಕ್ಕೆ ಬಂದ್ರಿ ಅಂತ ನಾನೇ ಕೀ ಬಂದ್ ಮಾಡಿದ್ದೇನೆ. ಆಚೆಗೆ ತಿರುಗಲಿಲ್ಲ, ಈಚೆಗೆ ತಿರುಗಿಸಿದೆ."

ಅಡುಗೆಮನೆಗೆ ಸಿಲಿಂಡರ್ ಬಂದಂದಿನಿಂದ ಅವರಿಗೆ ಅದೇ ಅಭ್ಯಾಸ. ನಾನು ಮುಚ್ಚಿದ್ದನ್ನು ಅವರು ತೆರೆದಿದ್ದರು; ಗಾಳಿ ಹೊಕ್ಕಿದ್ದು ಅಲ್ಲಿಂದಲೇ.

ಮತ್ತೆ ಗಾಳಿ ಎಳೆದೆ. ಮುಳ್ಳು ಕದಲಲಿಲ್ಲ. ಗ್ಯಾಸ್ ತುಂಬಿಸಿ ಗೇಜು ಬಿಚ್ಚುವಾಗ ತಾಯಿಗೆ ಗಾಬರಿ: "ಕೀ ತಗೊಂಡು ಹೋದ್ರೆ ನಾವು ಗ್ಯಾಸ್ ಬಂದ್ ಮಾಡುವುದು ಹೇಗೆ?"

ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಚೀಲದಲ್ಲಿದ್ದ ಕೀ ಇದ್ದ ಕೆಟ್ಟ ವಾಲ್ವೊಂದನ್ನು, ಪೈಪಿಲ್ಲದ ಕಡೆ ನೋಡಿ, ಅದೇ ಹೊಸ ಬಣ್ಣದ ಗೋಡೆಗೆ ಬಿಗಿದೆ. ಅದು ಎರಡೂ ಕಡೆಗೆ ಚೆನ್ನಾಗಿ ತಿರುಗುತ್ತಿತ್ತು.