ಅಬೇನಾಳ ಕತ್ತರಿ

ಕರಾಮ ಬಡಾವಣೆಯ ನಮ್ಮ ಮನೆಯಲ್ಲಿ ಟಿ.ವಿ. ರಿಮೋಟಿಗೊಂದು ಪ್ಲಾಸ್ಟಿಕ್ ಅಂಗಿಯಿತ್ತು. ಟಿ.ವಿ. ಬಂದ ದಿನ ತೊಡಿಸಿದ್ದು. ಹಳದಿಗಟ್ಟಿ ಒಳಗಿನ ಅಂಕಿಗಳು ಕಾಣದಂತಾದರೂ ನನ್ನ ಯಜಮಾನರು ಅದನ್ನು ತೆಗೆಯಲು ಬಿಡದೆ, ಅಂದಾಜಿನ ಮೇಲೆ ಗುಂಡಿ ಒತ್ತಿ, ವಾರ್ತೆ ಬೇಕೆಂದಾಗ ಅಡುಗೆ ಕಾರ್ಯಕ್ರಮ ನೋಡುತ್ತಾ ಸುಖವಾಗಿದ್ದರು. ನಗಬೇಡಿ ಮಿತ್ರರೇ. ಗಲ್ಫಿನಲ್ಲಿ ನೆಲೆಸಿದ ನಮ್ಮ ಕರಾವಳಿಯವರ ಮನೆಗಳಲ್ಲಿ ಒಳ್ಳೆಯ ವಸ್ತುವೆಂಬುದು ಇರುವುದು ಬಳಸುವುದಕ್ಕಲ್ಲ, ‘ಊರಿಗೆ ಹೋಗುವಾಗ’ ಎಂಬ ಪುಣ್ಯಕಾಲಕ್ಕೆ ಕಾಯುವುದಕ್ಕೆ. ಮೆತ್ತನೆಯ ಕಂಬಳಿ, ಅತ್ತರು, ಗಾಜಿನ ಡಿನ್ನರ್ ಸೆಟ್ಟು ಎಲ್ಲವೂ ಮಂಚದಡಿಯ ಸೂಟ್‌ಕೇಸಿನಲ್ಲಿ ತಪಸ್ಸು ಮಾಡುತ್ತಿರುತ್ತವೆ. ಮಂಚದ ಮೇಲೆ ನಾವು ಹಳೆಯ ಹೊದಿಕೆ ಎಳೆದುಕೊಂಡು ಮಲಗಿರುತ್ತೇವೆ.

ಈ ಸಂಪ್ರದಾಯಕ್ಕೆ ಕತ್ತರಿ ಹಾಕಿದವಳು ಅಬೇನಾ. ಘಾನಾ ದೇಶದವಳು, ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು. ಹಗಲೆಲ್ಲ ಸರಕು ಸಾಗಣೆಯ ಕಾಗದ ನೋಡಿ, ಸಂಜೆ ಮನೆಯಲ್ಲಿ ಚರ್ಮಕ್ಕೆ ತನ್ನೂರಿನ ಬಣ್ಣಬಣ್ಣದ ನೇಯ್ಗೆ ಜೋಡಿಸಿ ಬ್ಯಾಗು ಹೊಲಿಯುತ್ತಿದ್ದಳು. ಶುಕ್ರವಾರ ಅಲ್ ಕೂಜ್‌ನ ಹಳೆಯ ಗೋದಾಮಿನಲ್ಲಿ ನಡೆಯುವ ಸಂತೆಯಲ್ಲಿ ಅವಳದೊಂದು ಮೇಜು. ಅದರ ಮೇಲೆ, ಇದು ಕಪ್ಪು ಹೆಣ್ಣೊಬ್ಬಳ ಸ್ವಂತ ಬ್ರ್ಯಾಂಡು ಎಂದು ಅವಳೇ ಹೆಮ್ಮೆಯಿಂದ ಬರೆದಿಟ್ಟ ಹಲಗೆ. ಅಂಗಡಿಯ ಹಿಂದಿನ ಕೋಣೆಗೆ ಪಿಸುದನಿಯಲ್ಲಿ ಕರೆದು ಮಾರುವ ಯುರೋಪಿನ ದೊಡ್ಡ ಬ್ರ್ಯಾಂಡುಗಳ ನಕಲಿ ಬ್ಯಾಗನ್ನು ಹೆಗಲಿಗೇರಿಸಿ ಬೀಗುವ ಕರಾಮದ ನಮಗೆ, ಪಕ್ಕದ ಮೇಜಿನವಳ ಅಸಲಿ ಬ್ಯಾಗು ಕೊಳ್ಳಬೇಕೆಂಬುದೇ ಹೊಸ ಯೋಚನೆ.

ಕೊಳ್ಳಲು ಹೋದರೆ ಸಿಗಬೇಕಲ್ಲ. ಒಬ್ಬಳ ಹೊಲಿಗೆ, ಬೆರಳೆಣಿಕೆಯ ಬ್ಯಾಗು. ಸಂತೆಯ ಬಾಗಿಲು ತೆರೆಯುವಷ್ಟರಲ್ಲಿ ಮರುಮಾರಾಟದ ಮಹಾಶಯರು ಬಂದು ಎಲ್ಲವನ್ನೂ ಬಾಚಿಕೊಂಡು, ಸಂಜೆಯೊಳಗೆ ಅದನ್ನೇ ‘ಅಪರೂಪದ ಮಾಲು’ ಎಂದು ಇಂಟರ್‌ನೆಟ್ಟಿನಲ್ಲಿ ದುಪ್ಪಟ್ಟು ಬೆಲೆಗೆ ಮಾರುತ್ತಿದ್ದರು. ಕೊಂಡವರೂ ಬೆಲೆ ಇನ್ನಷ್ಟು ಏರಲೆಂದು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಎಲ್ಲವೂ ಖರ್ಚಾಗುತ್ತಿದೆಯಲ್ಲ, ಇನ್ನೇನು ಬೇಕು ನಿನಗೆ ಎಂದು ನಾನೊಮ್ಮೆ ಛೇಡಿಸಿದ್ದಕ್ಕೆ ಅವಳು ನಗಲಿಲ್ಲ. “ನಾನು ಹೊಲಿದ ಒಂದು ಬ್ಯಾಗನ್ನೂ ಈ ಊರಿನಲ್ಲಿ ಯಾರ ಹೆಗಲ ಮೇಲೂ ನೋಡಿಲ್ಲ. ಹೀಗೇ ಆದರೆ ಈ ಚಳಿಗಾಲ ಮುಗಿದ ಮೇಲೆ ಹೊಲಿಯುವುದನ್ನು ಬಿಟ್ಟುಬಿಡುತ್ತೇನೆ” ಎಂದಳು. ನನಗೆ ನಿಜಕ್ಕೂ ಸಂಕಟವಾಯಿತು.

ಮುಂದಿನ ಶುಕ್ರವಾರ ಅವಳ ಮೇಜಿನ ಮೇಲೆ ಹೊಸ ನಿಯಮವೂ ಒಂದು ಕತ್ತರಿಯೂ ಪ್ರತ್ಯಕ್ಷವಾದವು. ಕೊಳ್ಳುವವರು ಹಳೆಯ ಬ್ಯಾಗನ್ನು ಅಲ್ಲೇ ಬರಿದುಮಾಡಿ ಸಾಮಾನನ್ನೆಲ್ಲ ಹೊಸದಕ್ಕೆ ತುಂಬಬೇಕು. ಅವಳು ಎದುರಿಗೇ ಲೇಬಲ್ ಕತ್ತರಿಸಿ, ಬ್ಯಾಗಿನ ಕವರನ್ನು ತಾನೇ ಇಟ್ಟುಕೊಳ್ಳುತ್ತಾಳೆ. ಲೇಬಲ್ಲೂ ಕವರೂ ಇಲ್ಲದ ಬ್ಯಾಗಿಗೆ ಮರುಮಾರಾಟದ ಪೇಟೆಯಲ್ಲಿ ಮೂರು ಕಾಸಿನ ಮರ್ಯಾದೆಯಿಲ್ಲ. ಸಾಲಿನ ಮುಂದಿದ್ದ ತರುಣನೊಬ್ಬ ‘ನನ್ನ ಹೆಂಡತಿಗೆ’ ಎಂದು ರಾಗವೆಳೆದು, ಹೆಂಡತಿಯ ಹಳೆಯ ಬ್ಯಾಗೆಲ್ಲಿ ಎಂದು ಕೇಳಿದೊಡನೆ ಮೆಲ್ಲಗೆ ಜಾರಿಕೊಂಡ.

ಅವನ ಹಿಂದೆ ನಿಂತಿದ್ದವರು ನಮ್ಮ ಎದುರು ಮನೆಯ ವನಜಕ್ಕ. ಉಡುಪಿಯವರು, ನಾನೇ ಉತ್ಸಾಹದಿಂದ ಕರೆದೊಯ್ದಿದ್ದೆ. ಅವರು ಧೈರ್ಯವಾಗಿ ಬ್ಯಾಗು ಕೊಡವಿದರು. ಸೇಫ್ಟಿಪಿನ್ನಿನ ಗೊಂಚಲು, ನೋವಿನ ಮುಲಾಮು, ಹೋಟೆಲಿನ ಸಕ್ಕರೆ ಪೊಟ್ಟಣಗಳು, ಊರ ದೇವಸ್ಥಾನದ ಕುಂಕುಮ, ಮಡಿಸಿಟ್ಟ ಇನ್ನೊಂದು ಚೀಲ. ಅಬೇನಾ ಕತ್ತರಿ ಎತ್ತಿಕೊಂಡಾಗ ಮಾತ್ರ ವನಜಕ್ಕ ಅವಳ ಕೈಯನ್ನೇ ಹಿಡಿದರು.

“ಲೇಬಲ್ ತೆಗೆಯುವುದು ಬೇಡ ಅಂತ ಹೇಳು ಮಾರಾಯ್ತಿ. ಊರಿಗೆ ಹೋಗುವಾಗ ನಾನೇ ತೆಗೀತೇನೆ. ಅಲ್ಲಿವರೆಗೆ ಕವರಲ್ಲೇ ಇರ್ಲಿ.”

ನಾನು ಇಂಗ್ಲಿಷಿನಲ್ಲಿ ತಿಳಿಸಿದೆ. “ಹಾಗಾದರೆ ಇವರಿಗೂ ಆ ಹುಡುಗನಿಗೂ ಏನು ವ್ಯತ್ಯಾಸ?” ಎಂದಳು ಅಬೇನಾ. ಅವನದು ದುರಾಸೆ, ನಮ್ಮದು ಅಕ್ಕರೆ ಎಂದು ವಾದಿಸಲು ಹೊರಟವಳ ಕಣ್ಣು ಬ್ಯಾಗಿನ ಮೇಲೆ ಬಿತ್ತು. ಬ್ಯಾಗಿನ ಕಡೆಯಿಂದ ನೋಡಿದರೆ ಎರಡೂ ಒಂದೇ ಕತ್ತಲೆಯಲ್ಲವೇ? ನಾವು ಪ್ರೀತಿಯಿಂದ ಬಚ್ಚಿಟ್ಟದ್ದಕ್ಕೂ ಅವರು ಲಾಭಕ್ಕೆ ಬಚ್ಚಿಟ್ಟದ್ದಕ್ಕೂ ಗಾಳಿ ಬೆಳಕು ಸೋಕುವುದಿಲ್ಲ. ವನಜಕ್ಕ ಕಣ್ಣು ಮುಚ್ಚಿಕೊಂಡರು. ಲೇಬಲ್ ಬಿತ್ತು.

ಮರುವಾರ ಅಬೇನಾ ಆಫೀಸಿಗೆ ಬಂದವಳೇ ನನ್ನ ಕುರ್ಚಿಗೆ ಒರಗಿ ನಿಂತಳು. ಕರಾಮದ ಮೆಟ್ರೋ ಸ್ಟೇಷನ್ನಿನಲ್ಲಿ, ಜನಜಂಗುಳಿಯ ನಡುವೆ, ಕಡೆಗೂ ತನ್ನ ಬ್ಯಾಗೊಂದನ್ನು ಹೆಗಲ ಮೇಲೆ ಕಂಡಳಂತೆ. ಹಿಂದೆಯೇ ಓಡಿ ನೋಡಿದರೆ ವನಜಕ್ಕ. ಬ್ಯಾಗಿಗೆ ಅಡಿಯಿಂದ ಮುಡಿಯವರೆಗೆ ಪಾರದರ್ಶಕ ಪ್ಲಾಸ್ಟಿಕ್ ತೊಡಿಸಿ, ಬಾಯಿಗೆ ರಬ್ಬರ್ ಬ್ಯಾಂಡ್ ಬಿಗಿದಿದ್ದರಂತೆ. ಹೇಳುತ್ತಾ ಹೇಳುತ್ತಾ ನಕ್ಕವಳು ಕಣ್ಣೊರೆಸಿಕೊಂಡು, “ಇರಲಿ, ಹೆಗಲ ಮೇಲಿತ್ತು” ಎಂದಳು. ಆ ಸಂಜೆಯೇ ಬೇಸಿಗೆಯ ಬ್ಯಾಗುಗಳಿಗೆ ಚರ್ಮ ತರಿಸಲು ಹೇಳಿದಳೆಂದು ಕೇಳಿ ನನಗೆ ಬಹಳ ಸಂತೋಷವಾಯಿತು.

ಆ ಖುಷಿಯಲ್ಲೇ ಅವಳನ್ನು ಊಟಕ್ಕೆ ಕರೆದೆ. ಸೋಫಾದಲ್ಲಿ ಕುಳಿತವಳು ರಿಮೋಟನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ, ತನ್ನ ಬ್ಯಾಗಿನಿಂದ ಕತ್ತರಿ ತೆಗೆದಳು. ಯಜಮಾನರು ಗಾಬರಿಯಿಂದ “ಊರಿಗೆ ಹೋಗುವಾಗ…” ಎಂದರು. ರಿಮೋಟು ಊರಿಗೆ ಯಾಕೆ ಹೋಗುತ್ತದೆಂದು ಅವರಿಗೂ ತಿಳಿದಿರಲಿಕ್ಕಿಲ್ಲ. ಕವರು ಕಳಚಿತು. ಅಂಕಿಗಳು ಕೊಂಡ ದಿನದಷ್ಟೇ ಬೆಳ್ಳಗಿದ್ದವು.

ನಾನು ಎದ್ದು ಹೋಗಿ ಮಂಚದಡಿಯ ಸೂಟ್‌ಕೇಸನ್ನು ಎಳೆದೆ. ಪಾಯಸ ಗಾಜಿನ ಬಟ್ಟಲುಗಳಲ್ಲಿ ಬಂದಾಗ ಯಜಮಾನರು ಒಂದನ್ನು ಬೆಳಕಿಗೆ ಹಿಡಿದು ನೋಡಿ ಮೆಚ್ಚಿಕೊಂಡರು.

“ಚಂದ ಉಂಟು. ಯಾರ ಮನೆಯಿಂದ ತಂದದ್ದು?”